ವಾಲ್ಡನ್: ತಳ ಸಿಕ್ಕಿದ ಕೊಳ

1846ರ ಚಳಿಗಾಲ. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಕಾಂಕರ್ಡ್ ಎಂಬ ಪುಟ್ಟ ಊರಿನ ಹೊರಗೆ, ಕಲ್ಲಿನಂತೆ ಹೆಪ್ಪುಗಟ್ಟಿದ್ದ ಕೊಳವೊಂದರ ಮೇಲೆ ಇಪ್ಪತ್ತೆಂಟು ವರ್ಷದ ಯುವಕನೊಬ್ಬ ಓಡಾಡುತ್ತಿದ್ದ. ಜೊತೆಗೆ ಒಂದು ದಿಕ್ಸೂಚಿ, ಅಳತೆಯ ಸರಪಳಿ, ಮೀನು ಹಿಡಿಯುವವರ ಉದ್ದನೆಯ ದಾರ. ಮಂಜುಗಡ್ಡೆಯಲ್ಲಿ ತೂತು ಕೊರೆದು, ಒಂದೂವರೆ ಪೌಂಡು ತೂಕದ ಕಲ್ಲನ್ನು ದಾರದ ತುದಿಗೆ ಕಟ್ಟಿ ಇಳಿಬಿಡುತ್ತಿದ್ದ. ತಳದಲ್ಲಿ ಕೂತ ಕಲ್ಲನ್ನು ಎತ್ತಲು ಮೊದಲು ತುಸು ಹೆಚ್ಚು ಬಲ ಬೇಕು. ಅದರ ಅಡಿಗೆ ನೀರು ನುಗ್ಗಿದೊಡನೆ ಹಗುರಾಗುತ್ತದೆ. ಈ ವ್ಯತ್ಯಾಸ ಬೆರಳಿಗೆ ತಿಳಿದರೆ ಸಾಕು, ಅಲ್ಲಿಗೆ ತಳ ಸಿಕ್ಕಿತೆಂದು ಅರ್ಥ. ಅಳತೆ ಬರೆದುಕೊಂಡು ಮುಂದಿನ ತೂತಿಗೆ. ಹೀಗೆ ನೂರಕ್ಕೂ ಹೆಚ್ಚು ಕಡೆ.

ಊರವರಿಗೆ ಇದು ಹುಚ್ಚು ಕೆಲಸವಾಗಿ ಕಂಡಿರಬೇಕು. ಏಕೆಂದರೆ ಆ ಕೊಳಕ್ಕೆ ತಳವೇ ಇಲ್ಲ ಎಂಬುದು ಅವರಿಗೆಲ್ಲ ಗೊತ್ತಿದ್ದ ಸಂಗತಿ! ಅದು ಭೂಮಿಯನ್ನೇ ತೂರಿಕೊಂಡು ಆಚೆ ಬದಿಗೆ ಹೋಗುತ್ತದೆಂದು ನಂಬಿದವರೂ ಇದ್ದರು. ಆದರೆ ಅದನ್ನು ಸರಿಯಾಗಿ ಅಳೆದು ನೋಡುವ ಗೋಜಿಗೆ ಅವರಲ್ಲಿ ಯಾರೂ ಹೋಗಿರಲಿಲ್ಲ. ಯುವಕನ ದಾರ ಹೇಳಿದ್ದು ಬೇರೆ. ಕೊಳದ ಅತಿ ಹೆಚ್ಚಿನ ಆಳ 102 ಅಡಿ.

ಯುವಕನ ಹೆಸರು ಹೆನ್ರಿ ಡೇವಿಡ್ ಥೋರೊ. ಕೊಳದ ಹೆಸರು ವಾಲ್ಡನ್. 1845ರ ಜುಲೈ 4ರಂದು ಆತ ಈ ಕೊಳದ ದಂಡೆಗೆ ಬಂದು, ಗೆಳೆಯ ಎಮರ್ಸನ್‌ನ ಜಮೀನಿನಲ್ಲಿ ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಗುಡಿಸಲು ಕಟ್ಟಿಕೊಂಡು ಎರಡು ವರ್ಷ, ಎರಡು ತಿಂಗಳು, ಎರಡು ದಿನ ಇದ್ದ. ಆ ವಾಸದಿಂದ ಹುಟ್ಟಿದ 'ವಾಲ್ಡನ್' ಪುಸ್ತಕ 1854ರಲ್ಲಿ ಹೊರಬಂತು. ತೆರಿಗೆ ಕಟ್ಟಲೊಲ್ಲದೆ ಆತ ಒಂದು ರಾತ್ರಿ ಜೈಲಿನಲ್ಲಿ ಕಳೆದದ್ದೂ ಇದೇ ಅವಧಿಯಲ್ಲಿ. ಆ ಕುರಿತು ಆತ ಬರೆದ ಪ್ರಬಂಧದ ಸಾರವನ್ನು ಗಾಂಧೀಜಿ 1907ರಲ್ಲಿ ದಕ್ಷಿಣ ಆಫ್ರಿಕಾದ 'ಇಂಡಿಯನ್ ಒಪಿನಿಯನ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಥೋರೊನ ಈ ಕಥೆ ಪಾಠಪುಸ್ತಕಗಳಲ್ಲಿ ಬರುತ್ತದೆ. ಆತ ಅಳೆದ ನೀರಿನ ಕಥೆ ಅಷ್ಟಾಗಿ ಬರುವುದಿಲ್ಲ. ಅಲ್ಲಿಗೆ ಹೋಗೋಣ.

ಕೆರೆಯೋ, ಕೊಳವೋ, ಸರೋವರವೋ?

ಬಾಸ್ಟನ್ ನಗರದಿಂದ ವಾಯವ್ಯಕ್ಕೆ ಸುಮಾರು 30 ಕಿಲೋಮೀಟರ್. ರಸ್ತೆಯಿಂದ ಇಳಿಜಾರಿನಲ್ಲಿ ನಡೆದರೆ ಓಕ್ ಮತ್ತು ಪೈನ್ ಮರಗಳ ನಡುವೆ ಒಮ್ಮೆಲೇ ನೀರು ಕಾಣುತ್ತದೆ. ವಿಸ್ತೀರ್ಣ 64 ಎಕರೆಯಷ್ಟು. ದಂಡೆ ಹಿಡಿದು ಒಂದು ಸುತ್ತು ಬರಲು ಮುಕ್ಕಾಲು ಗಂಟೆ ಧಾರಾಳ. ಗುಡ್ಡದ ಮೇಲಿನಿಂದ ನೋಡಿದರೆ ನೀಲಿ, ದಂಡೆಯ ಹತ್ತಿರ ಹಸಿರು, ಬೊಗಸೆಯಲ್ಲಿ ಹಿಡಿದರೆ ಬಣ್ಣವೇ ಇಲ್ಲ.

ಇದನ್ನು ಕನ್ನಡದಲ್ಲಿ ಏನೆಂದು ಕರೆಯುವುದು? ಕೆರೆ ಎನ್ನುವಂತಿಲ್ಲ. ಕೆರೆಯೆಂದರೆ ಯಾರೋ ಕಟ್ಟಿಸಿದ್ದು. ಅದಕ್ಕೆ ಏರಿ ಬೇಕು, ತೂಬು ಬೇಕು, ಕೋಡಿ ಬೇಕು. ವಾಲ್ಡನ್‌ಗೆ ಇವು ಯಾವುವೂ ಇಲ್ಲ. ಸರೋವರವೆಂದರೆ ಮಾನಸ ಸರೋವರ ಕಣ್ಮುಂದೆ ಬಂದು, ಇದು ತೀರ ಚಿಕ್ಕದಾಯಿತು. ಕೊಳವೆಂದರೆ ನೂರು ಅಡಿ ಆಳವನ್ನು ಯಾರೂ ನಿರೀಕ್ಷಿಸುವುದಿಲ್ಲ. ಆದರೂ ಸ್ಥಳೀಯರ 'ಪಾಂಡ್' ಎಂಬ ಮಾತಿಗೆ ಹತ್ತಿರದ್ದು ಕೊಳವೇ. ಆ ಸೀಮೆಯ ಜನ ಇದಕ್ಕಿಂತ ಎಷ್ಟೋ ದೊಡ್ಡ ನೀರನ್ನೂ 'ಪಾಂಡ್' ಎಂದೇ ಕರೆಯುತ್ತಾರೆ. ಈ ಮಾತಿನ ಹಿಂದೆ ಒಂದು ಕಾನೂನೂ ಇದೆ. ಹದಿನೇಳನೆಯ ಶತಮಾನದ ವಸಾಹತು ಕಾಲದ ಕಟ್ಟಳೆಯಿಂದ ಬಂದ ನಿಯಮದಂತೆ, ಹತ್ತು ಎಕರೆಗಿಂತ ದೊಡ್ಡದಾದ ಸಹಜ ಕೊಳಗಳೆಲ್ಲ 'ಮಹಾಕೊಳ'ಗಳು. ಸುತ್ತಲಿನ ಜಮೀನು ಯಾರದೇ ಆಗಿರಲಿ, ನೀರು ಮಾತ್ರ ಸಾರ್ವಜನಿಕರದು. ಥೋರೊನ ಕಾಲದಲ್ಲಿ ವಾಲ್ಡನ್ ದಂಡೆಗೆ ಹಲವು ಒಡೆಯರಿದ್ದರು. ನೀರಿಗೆ ಯಾರೂ ಇರಲಿಲ್ಲ.

ಮುಂದೆ ರೈಲಿನವರಿಗೆ 'ಪಾಂಡ್' ಎಂಬುದು ಸಾಲದಾಯಿತು. 1844ರಲ್ಲಿ ಕೊಳದ ಪಶ್ಚಿಮ ಮೂಲೆಯನ್ನು ಒರಸಿಕೊಂಡೇ ಹಳಿ ಹಾಕಿದ್ದ ಕಂಪೆನಿ 1866ರಲ್ಲಿ ಅಲ್ಲೊಂದು ವಿಹಾರಧಾಮ ತೆರೆಯಿತು. ಉಯ್ಯಾಲೆ, ದೋಣಿ, ನೃತ್ಯಮಂಟಪ ಎಲ್ಲ ಇದ್ದವು. ಟಿಕೆಟ್ಟು ಕೊಂಡು ಬರುವ ನಗರದ ಜನಕ್ಕಾಗಿ 'ಲೇಕ್ ವಾಲ್ಡನ್' ಎಂಬ ಠೀವಿಯ ಹೆಸರು ಚಾಲ್ತಿಗೆ ಬಂತು. ವಿಹಾರಧಾಮ 1902ರಲ್ಲಿ ಬೆಂಕಿಗೆ ಆಹುತಿಯಾಯಿತು. ಆ ಹೆಸರೂ ಅದರೊಡನೆ ಹೋಯಿತು.

ಗುಡ್ಡ ಕುಸಿದ ಕಥೆ

'ವಾಲ್ಡನ್' ಎಂಬ ಹೆಸರಿಗೂ ಸ್ಥಳಪುರಾಣವಿದೆ. ಬಹಳ ಹಿಂದೆ ಅಲ್ಲೊಂದು ಗುಡ್ಡವಿತ್ತಂತೆ. ಈಗ ಕೊಳ ಎಷ್ಟು ಆಳವೋ ಅಷ್ಟೇ ಎತ್ತರದ ಗುಡ್ಡ. ಅದರ ಮೇಲೆ ಮೂಲನಿವಾಸಿಗಳು ಕೂಟ ಸೇರಿ ಆಡಬಾರದ ಮಾತು ಆಡಿದರಂತೆ. ಗುಡ್ಡ ನಡುಗಿ ಕುಸಿದು ನೀರಾಯಿತು. ಬದುಕಿ ಉಳಿದವಳು ಒಬ್ಬಳೇ ಮುದುಕಿ, ಅವಳ ಹೆಸರು ವಾಲ್ಡನ್. ಗುಡ್ಡ ನಡುಗಿದಾಗ ಉರುಳಿದ ಕಲ್ಲುಗಳೇ ದಂಡೆಯ ಈಗಿನ ಕಲ್ಲುಗಳು. ಥೋರೊ ಇದನ್ನು ಊರಿನ ಹಳಬರಿಂದ ಕೇಳಿ ಬರೆದಿಟ್ಟಿದ್ದಾನೆ. ತಪ್ಪು ಮಾಡಿದವರನ್ನು ನೀರು ನುಂಗುವ ಇಂಥ ಕಥೆಗಳು ನಮ್ಮ ಹಳ್ಳಿಗಳಲ್ಲೂ ಕಡಿಮೆಯೇನಲ್ಲ. ಆದರೆ ಈ ಕಥೆ ಹೇಳಿದವರು ಬಿಳಿಯರು, ಶಾಪಗ್ರಸ್ತರಾದವರು ಆ ನೆಲದ ಮೂಲದವರು ಎಂಬುದನ್ನು ಗಮನಿಸಬೇಕು. ಮುದುಕಿಗೆ ಇಂಗ್ಲಿಷ್ ಹೆಸರು ಹೇಗೆ ಬಂತೆಂದು ಕೇಳಿದವರಿಲ್ಲ.

ಥೋರೊನದೇ ಇನ್ನೊಂದು ಊಹೆಯಿದೆ. ಕೊಳದ ಸುತ್ತ ಯಾರೋ ಜೋಡಿಸಿಟ್ಟಂತೆ ದುಂಡುಕಲ್ಲುಗಳ ಅಂಚಿದೆ. ಇಂಗ್ಲಿಷಿನಲ್ಲಿ ಗೋಡೆಯಿಂದ ಸುತ್ತುವರಿದದ್ದಕ್ಕೆ 'ವಾಲ್ಡ್-ಇನ್' ಎನ್ನುತ್ತಾರಲ್ಲ, ಅದೇ ವಾಲ್ಡನ್ ಆಗಿರಬಹುದೆಂದು ಅರ್ಧ ತಮಾಷೆಯಾಗಿ, ಅರ್ಧ ಆಸೆಯಿಂದ ಹೇಳುತ್ತಾನೆ. ಜೊತೆಗೆ ಇಂಗ್ಲೆಂಡಿನ 'ಸ್ಯಾಫ್ರನ್ ವಾಲ್ಡನ್' ಊರಿನ ಹೆಸರನ್ನೂ ಎತ್ತುತ್ತಾನೆ. ಮೂರರಲ್ಲಿ ನೀರಸವಾದದ್ದು ಈ ಕೊನೆಯದು. ನಂಬಲು ಯೋಗ್ಯವಾದದ್ದೂ ಅದೇ. ವಲಸೆ ಬಂದವರು ಬಿಟ್ಟುಬಂದ ಊರಿನ ಹೆಸರನ್ನು ಹೊಸ ನೆಲಕ್ಕೆ ಇಡುವುದು ಎಲ್ಲ ಕಡೆಯ ರೂಢಿ. ಇಂಗ್ಲೆಂಡಿನ ಆ ಊರಿನ ಸುತ್ತ ಒಂದು ಕಾಲದಲ್ಲಿ ಕೇಸರಿ ಬೆಳೆಯುತ್ತಿದ್ದರು, 'ಸ್ಯಾಫ್ರನ್' ಸೇರಿದ್ದು ಅದರಿಂದ. 'ವಾಲ್ಡನ್' ಅದಕ್ಕಿಂತ ಹಳೆಯದು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಪರಕೀಯರ ಕಣಿವೆ ಎಂಬ ಅರ್ಥ. ಆಂಗ್ಲೋ ಸ್ಯಾಕ್ಸನ್ನರು ಇಂಗ್ಲೆಂಡಿಗೆ ವಲಸೆ ಬಂದಾಗ, ಅಲ್ಲಿ ಮೊದಲೇ ಇದ್ದ ಬ್ರಿಟನ್ ಜನರನ್ನೇ 'ಪರಕೀಯರು' ಎಂದು ಕರೆದರು! ಸಾವಿರ ವರ್ಷ ಕಳೆದ ಮೇಲೆ ಅದೇ ಹೆಸರು ಅಟ್ಲಾಂಟಿಕ್ ದಾಟಿ, ಮತ್ತೊಂದು ವಲಸೆಯೊಂದಿಗೆ, ಮತ್ತೊಬ್ಬರ ನೆಲದ ಕೊಳಕ್ಕೆ ಅಂಟಿಕೊಂಡಿತು. ಅಲ್ಲಿನ ನದಿಗೆ ಮೂಲನಿವಾಸಿಗಳು ಇಟ್ಟಿದ್ದ 'ಮಸ್ಕೆಟಾಕ್ವಿಡ್' ಎಂಬ ಹೆಸರು, ಹುಲ್ಲುಗಾವಲಿನ ನದಿ ಎಂದು ಅದರ ಅರ್ಥ, 1635ರಲ್ಲಿ ಊರು ಕಟ್ಟಿದಾಗ 'ಕಾಂಕರ್ಡ್' ಆಯಿತು. ಕಾಂಕರ್ಡ್ ಎಂದರೆ ಸಾಮರಸ್ಯ.

ಕೊಳದ ಉತ್ತರಕ್ಕೆ ಊರಿನ ದಾರಿಯಲ್ಲಿ 'ಬ್ರಿಸ್ಟರ್ಸ್ ಹಿಲ್' ಎಂಬ ದಿಬ್ಬವಿದೆ. ಈ ಹೆಸರಿನ ಹಿಂದೆ ನಿಜವಾದ ಮನುಷ್ಯನೊಬ್ಬನಿದ್ದಾನೆ. ಬ್ರಿಸ್ಟರ್ ಫ್ರೀಮನ್ ಕಾಂಕರ್ಡಿನ ಶ್ರೀಮಂತನೊಬ್ಬನ ಗುಲಾಮ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿ, ಬಿಡುಗಡೆ ಪಡೆದು, 'ಫ್ರೀಮನ್', ಅಂದರೆ ಸ್ವತಂತ್ರ ಮನುಷ್ಯ, ಎಂಬ ಹೆಸರನ್ನು ತಾನೇ ಇಟ್ಟುಕೊಂಡು, 1785ರಲ್ಲಿ ಈ ದಿಬ್ಬದ ಮೇಲೆ ಒಂದೆಕರೆ ನೆಲ ಕೊಂಡ. ಅದೇ ಸೀಮೆಯಲ್ಲಿ ಜಿಲ್ಫಾ ವೈಟ್ ಎಂಬ ಕಪ್ಪು ಮಹಿಳೆ ನೂಲು ತೆಗೆದು ಒಬ್ಬಳೇ ಬದುಕಿದಳು. ಒಳ್ಳೆಯ ಹೊಲಗಳೆಲ್ಲ ಊರವರ ಕೈಯಲ್ಲಿದ್ದವು. ಬಿಡುಗಡೆಯಾದ ಗುಲಾಮರಿಗೆ ಉಳಿದದ್ದು ಕೊಳದ ಸುತ್ತಲಿನ ಈ ಮರಳು ನೆಲ. ಥೋರೊ ಬಂದು ನೆಲೆಸುವ ಹೊತ್ತಿಗೆ ಅವರ ಮನೆಗಳು ಬರೀ ಹೊಂಡಗಳಾಗಿದ್ದವು. ಆತ ತನ್ನ ಪುಸ್ತಕದಲ್ಲಿ ಅವರಿಗೆ ಕೆಲವು ಪುಟ ಕೊಟ್ಟ. ಏಕಾಂತವನ್ನು ಅರಸಿ ಆತ ಬಂದ ಕಾಡು, ಅವರ ಪಾಲಿಗೆ ಬೇರೆ ಜಾಗವೇ ಸಿಗದ ಕಾಡು.

ಹಿಮಗಡ್ಡೆ ಅಗೆದ ಗುಂಡಿ

ಗುಡ್ಡ ಕುಸಿದ ಕಥೆ ಸುಳ್ಳು. ಆದರೂ ನೆಲ ಕುಸಿದದ್ದು ಮಾತ್ರ ಸುಳ್ಳಲ್ಲ. ಕೊನೆಯ ಹಿಮಯುಗದಲ್ಲಿ ಆ ಸೀಮೆಯನ್ನೆಲ್ಲ ದಪ್ಪನೆಯ ಹಿಮದ ಹಾಸು ಮುಚ್ಚಿತ್ತು. ಹವೆ ಬಿಸಿಯೇರಿ ಹಾಸು ಉತ್ತರಕ್ಕೆ ಹಿಂದೆ ಸರಿಯುವಾಗ ದೊಡ್ಡ ಹಿಮದ ತುಂಡುಗಳು ಮುರಿದು ಅಲ್ಲಲ್ಲಿ ಉಳಿದುಬಿಟ್ಟವು. ಕರಗಿದ ನೀರು ಹೊತ್ತು ತಂದ ಮರಳು, ಜಲ್ಲಿ ಅವುಗಳ ಸುತ್ತಲೂ ಮೇಲೂ ಬಂದು ಕೂತಿತು. ಹೂತುಹೋದ ತುಂಡು ನಿಧಾನವಾಗಿ ಕರಗಿದಾಗ ಮೇಲಿನ ಮರಳು ಕುಸಿದು ಗುಂಡಿಯಾಯಿತು, ಗುಂಡಿಯಲ್ಲಿ ನೀರು ನಿಂತಿತು. ಭೂವಿಜ್ಞಾನಿಗಳು ಇಂಥ ಗುಂಡಿಯನ್ನು 'ಕೆಟಲ್' ಎನ್ನುತ್ತಾರೆ. ವಾಲ್ಡನ್ ಆದದ್ದು ಹೀಗೆ, ಹತ್ತು ಹದಿನೈದು ಸಾವಿರ ವರ್ಷಗಳ ಹಿಂದೆ.

ಈ ಹುಟ್ಟಿನಿಂದಲೇ ಕೊಳದ ಗುಣವೆಲ್ಲ ಬಂದಿದೆ. ಇದಕ್ಕೆ ಹರಿದು ಬರುವ ಹಳ್ಳವಿಲ್ಲ, ಹರಿದು ಹೋಗುವ ಕಾಲುವೆಯೂ ಇಲ್ಲ. ನೀರಿನ ಅರ್ಧಕ್ಕಿಂತ ತುಸು ಹೆಚ್ಚು ನೇರವಾಗಿ ಬೀಳುವ ಮಳೆ, ಹಿಮದ್ದು. ಉಳಿದದ್ದು ಪೂರ್ವದ ಕಡೆಯಿಂದ ಮರಳಿನೊಳಗೆ ಜಿನುಗಿ ಬರುವ ಅಂತರ್ಜಲ. ಹೊರಗೆ ಹೋಗುವುದು ಪಶ್ಚಿಮದ ಮರಳಿನೊಳಗೆ ಜಿನುಗಿ, ಇಲ್ಲವೇ ಆವಿಯಾಗಿ. ಒಂದು ಸಲ ಒಳಬಂದ ನೀರು ಬದಲಾಗಲು ಸರಾಸರಿ ಐದು ವರ್ಷ ಬೇಕು. ಮರಳು ಸೋಸಿಕೊಡುವುದರಿಂದ ನೀರು ತಿಳಿ. ಆದರೆ ಒಳಗೆ ಬಿದ್ದ ಕೊಳೆ ತೊಳೆದುಹೋಗಲು ದಾರಿಯಿಲ್ಲ. ನದಿಯಾದರೆ ಹರಿದು ಶುದ್ಧವಾದೀತು. ಈ ಕೊಳ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ.

ನೀರಿನ ಮಟ್ಟವೂ ವಿಚಿತ್ರ. ಮಳೆ ಬಂದ ವಾರದಲ್ಲೇ ಏರುವುದಿಲ್ಲ. ಅಂತರ್ಜಲದ ಜೊತೆಗೆ ವರ್ಷಗಟ್ಟಲೆ ನಿಧಾನವಾಗಿ ಏರುತ್ತದೆ, ವರ್ಷಗಟ್ಟಲೆ ಇಳಿಯುತ್ತದೆ. ಏರಿಳಿತ ಆರೇಳು ಅಡಿಯಷ್ಟು ಇರುವುದನ್ನು ಥೋರೊ ಗುರುತಿಸಿದ. ಇದರಿಂದ ಆಗುವ ಒಂದು ಉಪಕಾರವನ್ನೂ ಕಂಡ. ನೀರು ಇಳಿದಾಗ ದಂಡೆಯಲ್ಲಿ ಪೈನ್, ಆಲ್ಡರ್, ಬರ್ಚ್ ಸಸಿಗಳು ಮೊಳೆಯುತ್ತವೆ. ಮತ್ತೆ ಏರಿದಾಗ ಬೇರು ಮುಳುಗಿ ಸಾಯುತ್ತವೆ. ಹೀಗಾಗಿ ದಂಡೆಯ ಅಂಚು ಸದಾ ಬಯಲು. ಕೊಳ ತನ್ನ ಹುಬ್ಬನ್ನು ತಾನೇ ತಿದ್ದಿಕೊಂಡಂತೆ.

ತಳವನ್ನು ಅಳೆದವನಿಗೆ ಇನ್ನೂ ಒಂದು ಸಂಗತಿ ಹೊಳೆಯಿತು. ನಕ್ಷೆಯ ಮೇಲೆ ಕೊಳದ ಅತಿ ಉದ್ದದ ಗೆರೆ ಮತ್ತು ಅತಿ ಅಗಲದ ಗೆರೆ ಎಳೆದರೆ, ಅವೆರಡೂ ಕತ್ತರಿಸುವ ಜಾಗದಲ್ಲೇ ಅತಿ ಹೆಚ್ಚಿನ ಆಳ. ಇದು ಎಲ್ಲ ಕೊಳಗಳಿಗೂ ಅನ್ವಯಿಸುವ ಸೂತ್ರವೇ ಎಂದು ಹತ್ತಿರದ ವೈಟ್ ಪಾಂಡ್ ಅನ್ನೂ ಅಳೆದು ನೋಡಿದ. ಶಾಲೆಯ ಮಕ್ಕಳು ತಮ್ಮೂರಿನ ಕೆರೆಕಟ್ಟೆಯ ನಕ್ಷೆಯ ಮೇಲೆ ಈ ಗೆರೆಗಳನ್ನು ಎಳೆದು ನೋಡಬಹುದು. ಆದರೆ ಕೆರೆಯ ಆಳ ಏರಿಯ ಪಕ್ಕದಲ್ಲಿ, ಆದ್ದರಿಂದ ಸೂತ್ರ ಸೋಲುವುದು ಖಂಡಿತ! ಏಕೆ ಸೋಲುತ್ತದೆ ಎಂದು ಹೇಳುವುದೇ ಅಲ್ಲಿನ ಪಾಠ. ಥೋರೊನ ಅಳತೆಗಳನ್ನು ವಿಜ್ಞಾನಿ ಎಡ್ವರ್ಡ್ ಡೀವಿ ಹೊಸ ಸಲಕರಣೆಗಳಿಂದ ಪರಿಶೀಲಿಸಿ 1942ರಲ್ಲಿ ಪ್ರಬಂಧ ಪ್ರಕಟಿಸಿದರು. ದಾರ ಮತ್ತು ಕಲ್ಲಿನ ಲೆಕ್ಕ ಸರಿಯಾಗಿಯೇ ಇತ್ತು.

ಮೂರು ಪದರದ ನೀರು

ಬೇಸಿಗೆಯಲ್ಲಿ ವಾಲ್ಡನ್ ನೀರು ಮೂರು ಪದರವಾಗಿ ನಿಲ್ಲುತ್ತದೆ. ಮೇಲಿನದು ಬೆಚ್ಚಗೆ, ಹಗುರ. ಕೆಳಗಿನದು ತಣ್ಣಗೆ, ಭಾರ. ನಡುವೆ ತಾಪ ಸರ್ರನೆ ಇಳಿಯುವ ತೆಳು ಪದರ. ಮೇಲಿನ ನೀರು ಕೆಳಗೆ ಇಳಿಯದು, ಕೆಳಗಿನದು ಮೇಲೆ ಏರದು. ತಳಕ್ಕೆ ಹೊಸ ಆಮ್ಲಜನಕ ಸಿಗದೆ ಅದು ಕಡಿಮೆಯಾಗುತ್ತ ಬರುತ್ತದೆ. ಶರತ್ಕಾಲದಲ್ಲಿ ಮೇಲಿನ ನೀರು ತಣಿದು ಎಲ್ಲ ಒಂದೇ ಭಾರಕ್ಕೆ ಬಂದಾಗ ಗಾಳಿ ಇಡೀ ಕೊಳವನ್ನು ಮಗುಚುತ್ತದೆ. ತಳದ ನೀರಿಗೆ ಉಸಿರು ಸಿಗುತ್ತದೆ. ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದ್ದರಿಂದ ಅದಕ್ಕಿಂತ ತಣ್ಣಗಾದದ್ದು ಮೇಲೇ ನಿಂತು ಹೆಪ್ಪುಗಟ್ಟುತ್ತದೆ, ಕೆಳಗೆ ಮೀನುಗಳು ಬದುಕಿರುತ್ತವೆ. ವಸಂತದಲ್ಲಿ ಮಂಜು ಕರಗಿದ ಮೇಲೆ ಮತ್ತೊಮ್ಮೆ ಮಗುಚಾಟ. ಬೇಸಿಗೆಯ ಈ ತಾಪದ ವ್ಯತ್ಯಾಸವನ್ನು ಥೋರೊ 1860ರಲ್ಲಿ ಥರ್ಮಾಮೀಟರ್ ಇಳಿಸಿ ಅಳೆದಿದ್ದ. ಆಗ ಸರೋವರ ವಿಜ್ಞಾನ ಎಂಬ ಹೆಸರೇ ಹುಟ್ಟಿರಲಿಲ್ಲ.

ಕೊಳದ ನಿಜವಾದ ಕಾವಲುಗಾರ ದಂಡೆಯಿಂದ ಕಾಣುವುದಿಲ್ಲ. ಸುಮಾರು ಇಪ್ಪತ್ತರಿಂದ ನಲವತ್ತು ಅಡಿ ಆಳದಲ್ಲಿ ತಳದ ಮೇಲೆ 'ನೈಟೆಲ್ಲಾ' ಎಂಬ ಪಾಚಿ ಜಾತಿಯ ಸಸ್ಯ ದಟ್ಟ ಹುಲ್ಲುಗಾವಲಿನಂತೆ ಹಬ್ಬಿದೆ. ಅಷ್ಟು ಆಳದಲ್ಲಿ ಹಸಿರು ಬದುಕಿದೆಯೆಂದರೆ ಅಷ್ಟು ಆಳಕ್ಕೂ ಬೆಳಕು ಇಳಿಯುತ್ತದೆ ಎಂದಾಯಿತು. ಈ ಹಾಸು ನೀರಿನಲ್ಲಿನ ಸಾರಜನಕ, ರಂಜಕಗಳನ್ನು ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲವಾದರೆ ಆ ಗೊಬ್ಬರವನ್ನೆಲ್ಲ ಮೇಲೆ ತೇಲುವ ಸೂಕ್ಷ್ಮ ಪಾಚಿಗಳು ತಿಂದು, ನೀರು ಹಸಿರು ಗಂಜಿಯಾಗುತ್ತಿತ್ತು. ಅಪಾಯವಿರುವುದೂ ಇಲ್ಲೇ. ತೇಲುವ ಪಾಚಿ ಒಂದು ಮಿತಿ ಮೀರಿ ನೀರು ಮಬ್ಬಾದರೆ ತಳಕ್ಕೆ ಬೆಳಕು ಸಿಗದು. ಬೆಳಕಿಲ್ಲದೆ ನೈಟೆಲ್ಲಾ ಸತ್ತರೆ ಅದು ಹಿಡಿದಿಟ್ಟಿದ್ದ ಗೊಬ್ಬರವೂ ನೀರಿಗೆ ಬಿಡುಗಡೆ. ಅದರಿಂದ ಮತ್ತಷ್ಟು ಪಾಚಿ, ಮತ್ತಷ್ಟು ಕತ್ತಲೆ. ಆ ಹಂತ ದಾಟಿದ ಕೊಳವನ್ನು ಹಿಂದಕ್ಕೆ ತರುವುದು ಬಹಳ ಕಷ್ಟ.

ಗೊಬ್ಬರ ಎಲ್ಲಿಂದ ಬರುತ್ತದೆ? ಸುತ್ತ ಹೊಲಗಳಿಲ್ಲ, ಕಾರ್ಖಾನೆಯಿಲ್ಲ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಈ ಲೆಕ್ಕ ಹಾಕಿ 2001ರಲ್ಲಿ ವರದಿ ಕೊಟ್ಟರು. ಉತ್ತರ ತುಸು ಮುಜುಗರದ್ದು. ಬೇಸಿಗೆಯಲ್ಲಿ ಕೊಳಕ್ಕೆ ಸೇರುವ ರಂಜಕದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಈಜುವವರಿಂದ. ಸ್ಪಷ್ಟವಾಗಿ ಹೇಳುವುದಾದರೆ, ನೀರಿನಲ್ಲೇ ಮೂತ್ರ ಮಾಡುವವರಿಂದ. ಸಾರಜನಕದ ದೊಡ್ಡ ಪಾಲು ಸಂದರ್ಶಕರ ಶೌಚಾಲಯದ ಇಂಗುಗುಂಡಿಯಿಂದ ಅಂತರ್ಜಲದ ಮೂಲಕ ಬರುತ್ತಿತ್ತು. ಈ ಪುಟ್ಟ ಕೊಳಕ್ಕೆ ವರ್ಷಕ್ಕೆ ಬರುವ ಜನ ಸುಮಾರು ಐದು ಲಕ್ಷ. ಅವರಲ್ಲಿ ಬಹುಪಾಲು ಬೇಸಿಗೆಯ ಕೆಲವೇ ತಿಂಗಳಲ್ಲಿ, ಮಕ್ಕಳು ಮರಿಗಳೊಡನೆ, ಒಂದು ದಿನ ತಣ್ಣನೆಯ ನೀರಿನಲ್ಲಿ ಆಡಿ ಹೋಗಲೆಂದು ಬರುವ ಸಾಮಾನ್ಯ ಜನ. ಅವರಲ್ಲಿ ಯಾರನ್ನು ದೂರುವುದು?

2018ರಲ್ಲಿ ಕರ್ಟ್ ಸ್ಟೇಜರ್ ಮತ್ತು ಸಂಗಡಿಗರು ತಳದ ಕೆಸರಿನೊಳಗೆ ಕೊಳವೆ ಇಳಿಸಿ ತೆಗೆದ ಮಾದರಿಗಳ ಅಧ್ಯಯನ ಪ್ರಕಟಿಸಿದರು. ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳಿಗೆ ಗಾಜಿನಂಥ ಚಿಪ್ಪು ಇರುತ್ತದೆ. ಸತ್ತ ಮೇಲೆ ಅದು ಕೊಳೆಯದೆ ಪದರ ಪದರವಾಗಿ ಕೆಸರಿನಲ್ಲಿ ಕೂರುತ್ತದೆ. ಯಾವ ಪದರದಲ್ಲಿ ಯಾವ ಜಾತಿ ಎಂದು ನೋಡಿದರೆ ಆಗಿನ ನೀರು ಹೇಗಿತ್ತೆಂದು ತಿಳಿಯುತ್ತದೆ. ಈ ರೀತಿ ಅವರು ಓದಿದ್ದು 1800 ವರ್ಷಗಳ ಚರಿತ್ರೆ. ಬಹುಕಾಲ ತಿಳಿನೀರಿನ ಜಾತಿಗಳೇ ಮೇಲುಗೈ. ಇಪ್ಪತ್ತನೆಯ ಶತಮಾನದಲ್ಲಿ, ಕಾರುಗಳಲ್ಲಿ ಜನ ಬರತೊಡಗಿದ ಮೇಲೆ, ಗೊಬ್ಬರ ಹೆಚ್ಚಾದ ನೀರಿನ ಜಾತಿಗಳು ಮುಂದೆ ಬಂದವು. 1970ರ ದಶಕದಿಂದ ಕೈಗೊಂಡ ಕ್ರಮಗಳಿಂದ ಸ್ಥಿತಿ ಇನ್ನಷ್ಟು ಕೆಡದೆ ನಿಂತಿದೆ. ಮೊದಲಿನಂತೆ ಆಗಿಲ್ಲ.

ಮದರಾಸಿಗೆ ಹೊರಟ ಮಂಜುಗಡ್ಡೆ

1846-47ರ ಚಳಿಗಾಲದಲ್ಲಿ ನೂರು ಮಂದಿ ಐರಿಷ್ ಕೂಲಿಗಳು ಬಂದು ವಾಲ್ಡನ್ ಮಂಜನ್ನು ಗರಗಸದಿಂದ ಕೊಯ್ಯತೊಡಗಿದರು. ಆಗ ಬಾಸ್ಟನ್ನಿನ ಐಸ್ ವ್ಯಾಪಾರ ಜಗತ್ತಿಗೇ ಹೆಸರಾಗಿತ್ತು. 1833ರಲ್ಲಿ 'ಟಸ್ಕನಿ' ಎಂಬ ಹಡಗು ಬಾಸ್ಟನ್ನಿನಿಂದ 180 ಟನ್ ಮಂಜುಗಡ್ಡೆ ಹೇರಿಕೊಂಡು ನಾಲ್ಕು ತಿಂಗಳು ಪಯಣಿಸಿ ಕಲ್ಕತ್ತೆಗೆ ಬಂದಾಗ ಸುಮಾರು 100 ಟನ್ ಕರಗದೆ ಉಳಿದಿತ್ತು! ಮದರಾಸಿನ ಕಡಲ ದಂಡೆಯಲ್ಲಿ ಈ ಮಂಜನ್ನು ಇಡಲೆಂದೇ ಕಟ್ಟಿದ 'ಐಸ್ ಹೌಸ್' ಈಗಲೂ ನಿಂತಿದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಮನೆ ಅದೇ. ಇಂದು ಅದರ ಹೆಸರು ವಿವೇಕಾನಂದರ್ ಇಲ್ಲಂ.

ಚಾರ್ಲ್ಸ್ ವಿಲ್ಕಿನ್ಸ್ 1785ರಲ್ಲಿ ಇಂಗ್ಲಿಷಿಗೆ ತಂದ ಭಗವದ್ಗೀತೆಯನ್ನು ಥೋರೊ ಈ ಗುಡಿಸಲಿನಲ್ಲಿ ಓದುತ್ತಿದ್ದ. ಹೊರಗೆ ಮಂಜು ಕೊಯ್ಯುವವರನ್ನು ಕಂಡು, ಮದರಾಸು, ಮುಂಬಯಿ, ಕಲ್ಕತ್ತೆಯ ಜನ ತನ್ನ ಬಾವಿಯ ನೀರು ಕುಡಿಯುವರಲ್ಲ, ವಾಲ್ಡನ್ ನೀರು ಗಂಗೆಯಲ್ಲಿ ಬೆರೆಯುವುದಲ್ಲ ಎಂದು ಆತನ ಮನಸ್ಸು ಹಿಗ್ಗಿತು. ಆದರೆ ಮುಂದಿನದನ್ನೂ ಆತನೇ ಪ್ರಾಮಾಣಿಕವಾಗಿ ಬರೆದಿದ್ದಾನೆ. ಆ ವರ್ಷ ಒಟ್ಟಿದ ಹತ್ತು ಸಾವಿರ ಟನ್ನಿನ ರಾಶಿಯಲ್ಲಿ ಒಂದು ಭಾಗವಷ್ಟೇ ಸಾಗಿತು. ಉಳಿದದ್ದು ಹುಲ್ಲು, ಹಲಗೆ ಹೊದ್ದು ದಂಡೆಯಲ್ಲೇ ಕೂತು, 1848ರ ಸೆಪ್ಟೆಂಬರ್ ಹೊತ್ತಿಗೆ ಪೂರ್ತಿ ಕರಗಿ ಕೊಳಕ್ಕೇ ವಾಪಸಾಯಿತು.

ಮಂಜು ವಸಂತದಲ್ಲಿ ಪೂರ್ತಿ ಒಡೆದು ಕರಗುವ ದಿನವನ್ನು ಥೋರೊ ವರ್ಷ ವರ್ಷ ಗುರುತು ಹಾಕಿಟ್ಟ. 1845ರಲ್ಲಿ ಏಪ್ರಿಲ್ 1, 1847ರಲ್ಲಿ ಏಪ್ರಿಲ್ 8, 1852ರಲ್ಲಿ ಏಪ್ರಿಲ್ 18, 1853ರಲ್ಲಿ ಮಾರ್ಚ್ 23. ಯಾವ ಹೂ ಯಾವ ದಿನ ಅರಳಿತೆಂಬುದನ್ನೂ ಬರೆದಿಟ್ಟ. ಬಾಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರೈಮ್ಯಾಕ್ ಮತ್ತು ಅವರ ವಿದ್ಯಾರ್ಥಿಗಳು ಒಂದೂವರೆ ಶತಮಾನದ ಮೇಲೆ ಅದೇ ಕಾಡಿನಲ್ಲಿ ಅಲೆದು ಹೋಲಿಸಿ ನೋಡಿದರು. ಹೂಗಳು ಸರಾಸರಿ ಹತ್ತು ದಿನ ಮುಂಚೆ ಅರಳುತ್ತಿವೆ. ಮಂಜು ಎರಡು ವಾರದಷ್ಟು ಮುಂಚೆ ಕರಗುತ್ತಿದೆ. 2008ರ ಅಧ್ಯಯನದಂತೆ, ಥೋರೊ ಕಾಂಕರ್ಡಿನಲ್ಲಿ ಕಂಡ ಸಸ್ಯ ಜಾತಿಗಳಲ್ಲಿ ಶೇಕಡಾ 27 ಅಲ್ಲಿಂದ ಮರೆಯಾಗಿವೆ, ಮತ್ತೆ ಶೇಕಡಾ 36 ಅಪರೂಪವಾಗಿವೆ. ಆತ ಇದನ್ನೆಲ್ಲ ಬರೆದಿಟ್ಟದ್ದು ಯಾರ ಅಪ್ಪಣೆಯಿಂದಲೂ ಅಲ್ಲ, ಹವಾಮಾನದ ಚಿಂತೆಯಿಂದಲೂ ಅಲ್ಲ, ನೋಡುವ ಅಭ್ಯಾಸದಿಂದ. ಕೊಳಕ್ಕಂತೂ ಈ ಬಿಸಿ ಒಳ್ಳೆಯ ಸುದ್ದಿಯಲ್ಲ. ಬೇಸಿಗೆ ಉದ್ದವಾದಷ್ಟೂ ನೀರಿನ ಪದರಗಳು ಹೆಚ್ಚು ಕಾಲ ಬೆರೆಯದೆ ನಿಲ್ಲುತ್ತವೆ. ಸೆಕೆ ಹೆಚ್ಚಾದಷ್ಟೂ ಈಜಲು ಬರುವವರು ಹೆಚ್ಚು.

ಯಾರದು ಈ ದಂಡೆ?

1922ರಲ್ಲಿ ಎಮರ್ಸನ್ ಮನೆತನದವರೂ ನೆರೆಯ ಭೂಮಾಲೀಕರೂ ಸೇರಿ ದಂಡೆಯ ಸುಮಾರು 80 ಎಕರೆಯನ್ನು ರಾಜ್ಯಕ್ಕೆ ದಾನ ಕೊಟ್ಟರು. ಎಮರ್ಸನ್ ಮತ್ತು ಥೋರೊ ಕಂಡ ವಾಲ್ಡನ್ ಹಾಗೆಯೇ ಉಳಿಯಬೇಕು, ಜನರು ಅಲ್ಲಿ ಈಜುವುದಕ್ಕೂ ದೋಣಿ ನಡೆಸುವುದಕ್ಕೂ ಅವಕಾಶವಿರಬೇಕು ಎಂಬುದು ಷರತ್ತು. ಒಂದೇ ಪತ್ರದಲ್ಲಿ ಎರಡು ಆಸೆ. ಅಲ್ಲಿಂದೀಚಿನ ಜಗಳಗಳೆಲ್ಲ ಈ ಎರಡರ ನಡುವಿನವೇ. 1957ರಲ್ಲಿ ಈಜುವವರಿಗೆ ಅನುಕೂಲ ಮಾಡಲು ಮರ ಕಡಿದು ಬುಲ್ಡೋಜರ್ ಓಡಿಸಿ ದಂಡೆಯನ್ನು ಅಗಲ ಮಾಡಲು ಹೊರಟಾಗ ನಾಗರಿಕರು ಕೋರ್ಟಿಗೆ ಹೋದರು, 1960ರಲ್ಲಿ ಗೆದ್ದರು. 1968ರಲ್ಲಿ ಟ್ರೌಟ್ ಮೀನು ಬಿಡಲೆಂದು ಕೊಳದಲ್ಲಿದ್ದ ಹಳೆಯ ಮೀನುಗಳನ್ನೆಲ್ಲ ವಿಷ ಹಾಕಿ ಕೊಲ್ಲಲಾಯಿತು. ಥೋರೊ ಅಕ್ಕರೆಯಿಂದ ಹೆಸರಿಸಿದ್ದ ಪಿಕರೆಲ್‌ಗಳ ಸಂತತಿಗೆ ಗಾಳ ಹಾಕುವವರ ಸುಖಕ್ಕಾಗಿ ಈ ಗತಿ ಬಂತು. 1990ರಲ್ಲಿ ಹಾಡುಗಾರ ಡಾನ್ ಹೆನ್ಲಿ ಕಟ್ಟಿದ 'ವಾಲ್ಡನ್ ವುಡ್ಸ್ ಪ್ರಾಜೆಕ್ಟ್' ಹಣ ಕೂಡಿಸಿ, ಬ್ರಿಸ್ಟರ್ ಫ್ರೀಮನ್‌ನ ದಿಬ್ಬದ ಮೇಲೆ ಏಳಲಿದ್ದ ಕಚೇರಿ ಕಟ್ಟಡವನ್ನು ತಪ್ಪಿಸಿತು.

ಗುಡಿಸಲು ಈಗಿಲ್ಲ. ಥೋರೊ ನೆಟ್ಟ ಪೈನ್ ಮರಗಳನ್ನು 1938ರ ಚಂಡಮಾರುತ ಕೆಡವಿತು. ಒಲೆಯ ಬುಡದ ಕಲ್ಲುಗಳು 1945ರಲ್ಲಿ ಸಿಕ್ಕಿದವು. ಪಕ್ಕದಲ್ಲಿ ಯಾತ್ರಿಕರು ಒಂದೊಂದಾಗಿ ಇಟ್ಟ ಕಲ್ಲುಗಳ ರಾಶಿಯಿದೆ, 1872ರಿಂದ ಬೆಳೆಯುತ್ತ ಬಂದದ್ದು. ಸೆಕೆಯ ದಿನಗಳಲ್ಲಿ ಮಿತಿಗಿಂತ ಹೆಚ್ಚು ಜನ ಬಂದರೆ ಕಾವಲಿನವರು ಗೇಟು ಹಾಕುತ್ತಾರೆ, ಕಾರುಗಳು ಹಿಂದೆ ತಿರುಗುತ್ತವೆ.

ಅಲ್ಲಿಂದ ಆಗ್ನೇಯಕ್ಕೆ ಒಂದೇ ಮೈಲಿಯಷ್ಟು ದೂರದಲ್ಲಿ ವಾಲ್ಡನ್‌ಗಿಂತ ದೊಡ್ಡದಾದ ಇನ್ನೊಂದು ಕೊಳವಿದೆ. ಹೆಸರು ಫ್ಲಿಂಟ್ಸ್ ಪಾಂಡ್. ದಂಡೆಯ ಜಮೀನಿದ್ದ ಮನೆತನದ ಹೆಸರು ಅದು. ಕೊಳದಲ್ಲಿ ಒಮ್ಮೆಯೂ ಮೀಯದ, ಅದನ್ನು ಒಮ್ಮೆಯೂ ನಿಂತು ನೋಡದ, ಹಣವನ್ನಷ್ಟೇ ಕಂಡ ರೈತನ ಹೆಸರನ್ನು ಇಂಥ ನೀರಿಗೆ ಇಡುವುದೇ ಎಂದು ಥೋರೊ ತನ್ನ ಪುಸ್ತಕದಲ್ಲಿ ಒಂದಿಡೀ ಪುಟ ಸಿಡಿಮಿಡಿಗೊಂಡಿದ್ದಾನೆ. ಅದರಲ್ಲಿ ಈಜುವ ಮೀನಿನ ಹೆಸರೋ, ದಂಡೆಯ ಹೂವಿನ ಹೆಸರೋ ಇಡಬಾರದಿತ್ತೇ ಎಂಬುದು ಆತನ ಪ್ರಶ್ನೆ. ಹೆಸರು ಬದಲಾಗಲಿಲ್ಲ. ಫ್ಲಿಂಟ್ಸ್ ಪಾಂಡ್ ಇಂದು ಲಿಂಕನ್ ಊರಿನ ಕುಡಿಯುವ ನೀರು. ಅಲ್ಲಿ ಈಜುವಂತಿಲ್ಲ, ಯಾತ್ರಿಕರು ಬರುವುದಿಲ್ಲ. ನಲ್ಲಿ ತಿರುಗಿಸಿದರೆ ಊರವರ ಮನೆಗೆ ನೀರು ಬರುತ್ತದೆ.